ನಮ್ಮ ಬೇಳೆ ಬೇಯುವ ಊರು

ಒಂದು ಕೆಲಸ ಸಿಕ್ಕವರ ಮನೆಯಲ್ಲಿ ಪಾಯಸ ಮಾಡುತ್ತಾರೆ. ಎರಡು ಕೆಲಸ ಒಟ್ಟಿಗೆ ಸಿಕ್ಕವರ ಮನೆಯಲ್ಲಿ ಜಗಳ ಆಗುತ್ತದೆ. 2023ರ ಫೆಬ್ರವರಿಯಲ್ಲಿ ನಮ್ಮ ಬನಶಂಕರಿಯ ಮನೆಯಲ್ಲಿ ಎರಡೂ ಆದವು. ಮೊದಲ ವಾರ ಪಾಯಸ, ಎರಡನೆಯ ವಾರದಿಂದ ಇನ್ನೊಂದು.

ಕೆಲಸ ಸಿಕ್ಕಿದ್ದು ನನಗಲ್ಲ, ನನ್ನಾಕೆಗೆ. ನಾನು ಅನುವಾದ, ಕರಡು ತಿದ್ದುವುದು ಎಂದು ಮನೆಯಲ್ಲೇ ಕೂತು ಸಂಪಾದಿಸುವವನು. ನನ್ನ ಕಚೇರಿಯನ್ನು ಹೆಗಲಚೀಲಕ್ಕೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಅವಳನ್ನು ಒಂದು ಕಂಪನಿ ಬರ್ಲಿನ್‌ಗೆ ಬಾ ಎಂದಿತು, ಇನ್ನೊಂದು ವಿಯೆನ್ನಾಕ್ಕೆ ಬಾ ಎಂದಿತು. ಸಂಬಳದಲ್ಲಿ ಅಂಥ ವ್ಯತ್ಯಾಸವಿಲ್ಲ. ಎರಡೂ ರಾಜಧಾನಿ, ಎರಡೂ ಕಡೆ ಜರ್ಮನ್ ಭಾಷೆ, ಎರಡೂ ಕಡೆ ಮೂಳೆ ಕೊರೆಯುವ ಚಳಿ.

ಮೊದಲು ದೊಡ್ಡಪ್ಪನ ಹತ್ತಿರ ಸಲಹೆ ಕೇಳಿದೆ. "ಎರಡೂ ಫಾರಿನ್ನೇ ತಾನೇ? ಯಾವುದಕ್ಕಾದರೂ ಹೋಗ್ರೋ" ಎಂದು ಮತ್ತೆ ಪೇಪರಿನೊಳಕ್ಕೆ ಹೊಕ್ಕರು. ನಮಗೆ ಸಿಕ್ಕ ಸಲಹೆಗಳಲ್ಲೆಲ್ಲ ವಿವೇಕದ ಸಲಹೆ ಅದೇ ಎಂದು ಈಗ ಅನ್ನಿಸುತ್ತದೆ. ಆದರೆ ವಿವೇಕದ ಮಾತಿಗೆ ಒಂದು ದೋಷವಿದೆ, ಅದು ಬೇಗ ಮುಗಿದುಹೋಗುತ್ತದೆ. ನಮ್ಮ ಕೈಯಲ್ಲಿ ಇನ್ನೂ ಎರಡು ತಿಂಗಳಿತ್ತು.

ಹಾಗಾಗಿ ನನ್ನಾಕೆ ಎಕ್ಸೆಲ್ ಹಾಳೆ ತೆರೆದಳು. ಅವಳು ಮಿಕ್ಸಿ ಕೊಳ್ಳುವಾಗಲೂ ಎಕ್ಸೆಲ್ ತೆರೆಯುವವಳು. ನನ್ನನ್ನು ಒಪ್ಪಿಕೊಳ್ಳುವ ಮುಂಚೆಯೂ ತೆರೆದಿದ್ದಳೆಂದು ನನಗೆ ಗುಮಾನಿ. ಪಕ್ಕದ ಕಾಲಂನಲ್ಲಿ ಯಾರಿದ್ದರೆಂದು ಇವತ್ತಿಗೂ ಬಾಯಿಬಿಟ್ಟಿಲ್ಲ. ಈ ಸಲ ಒಂದು ಕಾಲಂಗೆ ಬರ್ಲಿನ್, ಇನ್ನೊಂದಕ್ಕೆ ವಿಯೆನ್ನಾ. ಕೆಳಗೆ ಬಾಡಿಗೆ, ತೆರಿಗೆ, ಆಸ್ಪತ್ರೆ, ಬಸ್ಸು, ಬಿಸಿಲು, ತರಕಾರಿ, ವೀಸಾ, ಪೌರತ್ವ ಎಂದು ಮೂವತ್ತೊಂದು ಸಾಲು. ಒಂದೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಎಸ್‌ಎಸ್‌ಎಲ್‌ಸಿ ಉತ್ತರ ಪತ್ರಿಕೆ ತಿದ್ದುವವರ ಹಾಗೆ ಅವಳು ಅರ್ಧರ್ಧ ಅಂಕಕ್ಕೂ ಯೋಚಿಸುತ್ತಿದ್ದಳು.

ಅನುಭವಸ್ಥರನ್ನು ಕೇಳೋಣವೆಂದು ಬರ್ಲಿನ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಫೋನು ಮಾಡಿದೆವು. "ಅಣ್ಣಾ, ಇಲ್ಲಿಗೆ ಮಾತ್ರ ಬರಬೇಡಿ. ಮನೆ ಸಿಗಲ್ಲ, ಆಫೀಸುಗಳಲ್ಲಿ ಇನ್ನೂ ಕಾಗದದ ರಾಜ್ಯ, ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿಹೋಗ್ತಾನೆ. ಕಣ್ಣುಮುಚ್ಚಿಕೊಂಡು ವಿಯೆನ್ನಾಗೆ ಹೋಗಿ. ಊರು ಅಂದರೆ ಅದು" ಎಂದ. ವಿಯೆನ್ನಾದಲ್ಲಿ ನನ್ನಾಕೆಯ ಕಾಲೇಜಿನ ಗೆಳತಿಯಿದ್ದಾಳೆ. ಅವಳಿಗೆ ಫೋನು ಮಾಡಿದರೆ, "ಅಯ್ಯೋ, ಇಲ್ಲಿ ಯಾರೂ ಮುಖ ಕೊಟ್ಟು ಮಾತೇ ಆಡಲ್ಲ ಕಣೇ. ಎದುರುಮನೆ ಅಜ್ಜಿ ಮೂರು ವರ್ಷದಿಂದ ನಮ್ಮ ಚಪ್ಪಲಿ ಸ್ಟ್ಯಾಂಡಿನ ಬಗ್ಗೆ ದೂರು ಕೊಡ್ತಾನೇ ಇದಾರೆ. ನೀವು ಬರ್ಲಿನ್‌ಗೆ ಹೋಗಿ, ಅಲ್ಲಿ ಜೀವ ಇದೆ" ಎಂದಳು. ಇಬ್ಬರೂ ತಾವಿರುವ ಊರಿನ ಬಗ್ಗೆ ಸುಳ್ಳು ಹೇಳಿರಲಿಲ್ಲ. ತಾವಿಲ್ಲದ ಊರಿನ ಬಗ್ಗೆ ಹೇಳಿದ್ದರು, ಅಷ್ಟೆ. ಆ ಎರಡು ಫೋನುಗಳಲ್ಲೇ ನಮಗೆ ತಿಳಿಯಬೇಕಾದ್ದೆಲ್ಲ ಇತ್ತು. ನಮಗೇ ತಿಳಿಯಲಿಲ್ಲ.

ಸರಿ, ಖುದ್ದಾಗಿ ನೋಡಿಬರೋಣವೆಂದು ಏಪ್ರಿಲ್‌ನಲ್ಲಿ ಎಂಟು ದಿನಕ್ಕೆ ಹೊರಟೆವು. ಆ ಊರಿಗೆ ನಾಲ್ಕು ದಿನ, ಈ ಊರಿಗೆ ನಾಲ್ಕು ದಿನ, ಪಕ್ಷಪಾತವಿಲ್ಲ. ಹೊರಡುವಾಗ ಅಮ್ಮ ಒಂದೇ ಮಾತು ಹೇಳಿದಳು. "ನೀರು ಹೇಗಿದೆ ನೋಡ್ಕೊಂಡು ಬಾರೋ."

ಅಮ್ಮ ತಿಪಟೂರಿನ ಕಡೆಯವಳು. ಅವಳ ಕಾಲದಲ್ಲಿ ಹೆಣ್ಣು ಕೊಡುವವರು ಹುಡುಗನ ಮುಖ ನೋಡುವ ಮೊದಲು ಆ ಮನೆಯ ಬಾವಿಯಲ್ಲಿ ಬಗ್ಗಿ ನೋಡುತ್ತಿದ್ದರಂತೆ. ನಮ್ಮ ಮೂವತ್ತೊಂದು ಸಾಲುಗಳಲ್ಲಿ ನೀರು ಇರಲಿಲ್ಲ. "ಯುರೋಪಲ್ಲಿ ನೀರು ಇದ್ದೇ ಇರುತ್ತೆ ಅತ್ತೆ" ಎಂದಳು ನನ್ನಾಕೆ. "ಇದ್ದರೆ ಸಾಕೇನಮ್ಮಾ?" ಎಂದು ಅಮ್ಮ ಸುಮ್ಮನಾದಳು.

ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿತು. ನಿಲ್ದಾಣದ ಚೆಂದಕ್ಕಲ್ಲ, ಅದರ ಚರಿತ್ರೆಗೆ. 2006ರಲ್ಲಿ ಕಟ್ಟಲು ಶುರುಮಾಡಿದರು. 2012ರ ಜೂನ್ 3ಕ್ಕೆ ಉದ್ಘಾಟನೆಯೆಂದು ಮುಹೂರ್ತ ಇಟ್ಟರು. ನಾಲ್ಕು ವಾರ ಉಳಿದಿರುವಾಗ, ಬೆಂಕಿ ಬಿದ್ದರೆ ಹೊಗೆ ಹೊರಗೆ ಹೋಗುವ ಏರ್ಪಾಡು ಸರಿಯಿಲ್ಲವೆಂದು ನಿಲ್ಲಿಸಿದರು. ಅಂತೂ ಬಾಗಿಲು ತೆರೆದದ್ದು 2020ರ ಅಕ್ಟೋಬರ್ 31ರಂದು, ಕೊರೋನಾ ಬಂದು ಜಗತ್ತೆಲ್ಲ ವಿಮಾನ ಹತ್ತುವುದನ್ನೇ ಬಿಟ್ಟಿದ್ದಾಗ! ಜರ್ಮನ್ನರೆಂದರೆ ಗಡಿಯಾರದ ಮುಳ್ಳಿನ ಮೇಲೆ ನಡೆಯುವವರು ಎಂದು ಹೆದರಿಕೊಂಡಿದ್ದೆ. ಈಜಿಪುರದ ಮೇಲ್ಸೇತುವೆಯ ಒಂಟಿ ಕಂಬಗಳನ್ನು ವರ್ಷಗಟ್ಟಲೆ ದರ್ಶನ ಮಾಡಿದವನಿಗೆ ಈ ಕಥೆ ಕೇಳಿ ಕಣ್ಣು ತುಂಬಿಬಂತು. "ಇವರು ನಮ್ಮವರೇ ಕಣೇ, ಹತ್ತಕ್ಕೆ ಹತ್ತು ಹಾಕು" ಎಂದೆ. "ಅದಕ್ಕೆ ಸಾಲಿಲ್ಲ" ಎಂದಳು.

ಊರು ದೊಡ್ಡದು, ಅಗಲವಾದ್ದು, ತಲೆ ಬಾಚಿಕೊಳ್ಳದ್ದು. ಗೋಡೆ ಕಂಡಲ್ಲೆಲ್ಲ ಬಣ್ಣದ ಗೀಚು. ಅಸಲಿ ಗೋಡೆಯನ್ನು 1961ರ ಆಗಸ್ಟ್ 13ರಂದು ರಾತ್ರೋರಾತ್ರಿ ಮುಳ್ಳುತಂತಿಯಿಂದ ಶುರುಮಾಡಿದ್ದರು. 1989ರ ನವೆಂಬರ್ 9ರ ರಾತ್ರಿ ಅದು ಬಾಯಿಬಿಟ್ಟಿತು. ಈಗ ಅದು ಇದ್ದ ಜಾಗದಲ್ಲಿ ರಸ್ತೆಯ ಮೇಲೆ ಎರಡು ಸಾಲು ಕಲ್ಲು ಹಾಸಿ ಗುರುತು ಉಳಿಸಿದ್ದಾರೆ. ನನ್ನಾಕೆ ಆ ಕಲ್ಲುಸಾಲಿನ ಆಚೆಗೊಂದು ಕಾಲು ಈಚೆಗೊಂದು ಕಾಲು ಇಟ್ಟು ನಿಂತು ಫೋಟೋ ತೆಗೆಸಿಕೊಂಡಳು. ಆ ಎರಡು ತಿಂಗಳ ನಮ್ಮ ಮನಸ್ಸಿನ ನಿಲುವು ಅದಕ್ಕಿಂತ ಚೆನ್ನಾಗಿ ಇನ್ಯಾವ ಫೋಟೋದಲ್ಲೂ ಬಂದಿಲ್ಲ.

ಭಾನುವಾರ ಟೆಂಪೆಲ್‌ಹೋಫ್‌ಗೆ ಹೋದೆವು. ಅದು ಹಳೆಯ ವಿಮಾನ ನಿಲ್ದಾಣ. 2008ರಲ್ಲಿ ಮುಚ್ಚಿ 2010ರಲ್ಲಿ ಜನರಿಗೆ ಬಿಟ್ಟುಕೊಟ್ಟರು. ರನ್‌ವೇ ಮೇಲೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ದೊಡ್ಡವರು ಗಾಳಿಪಟ ಬಿಡುತ್ತಿದ್ದರು, ಮುದುಕರು ಬಿಸಿಲಿಗೆ ಹೊಟ್ಟೆ ಬಿಟ್ಟುಕೊಂಡು ಮಲಗಿದ್ದರು. ಊರ ನಡುವೆ ಮುನ್ನೂರು ಹೆಕ್ಟೇರಿಗೂ ಮಿಗಿಲಾದ ಬಯಲು! ಅಂಚಿನಲ್ಲಿ ಮನೆ ಕಟ್ಟುತ್ತೇವೆಂದು ಸರ್ಕಾರ ಹೊರಟಾಗ 2014ರಲ್ಲಿ ಜನ ಮತ ಹಾಕಿ ಬೇಡವೆಂದರಂತೆ. ನಾನು ಅಭ್ಯಾಸಬಲದಿಂದ ಆ ಬಯಲಿನಲ್ಲಿ ಮೂವತ್ತು-ನಲವತ್ತರ ಸೈಟು ಎಷ್ಟಾಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಪೂರ್ವ ಮುಖದ ಒಂದು ಕಾರ್ನರ್ ಸೈಟನ್ನೂ ಗುರುತುಮಾಡಿಟ್ಟೆ. ಇಷ್ಟು ಜಾಗ ಖಾಲಿ ಬಿಟ್ಟುಕೊಂಡ ಊರಿನಲ್ಲಿ ಮನೆ ಸಿಗುವುದಿಲ್ಲ ಎನ್ನುವುದು ಮರುದಿನ ಗೊತ್ತಾಯಿತು.

ಬಾಡಿಗೆ ಮನೆ ನೋಡಲು ಹೋದರೆ ಮೆಟ್ಟಿಲ ಮೇಲೆ ನಲವತ್ತು ಜನ, ಸತ್ಯನಾರಾಯಣ ಪೂಜೆಯ ಪ್ರಸಾದಕ್ಕೆ ನಿಂತ ಹಾಗೆ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಫೈಲು. ಅದರಲ್ಲಿ ಮೂರು ತಿಂಗಳ ಸಂಬಳದ ಚೀಟಿ, ಸಾಲ ಬಾಕಿಯಿಲ್ಲವೆಂಬ ಪತ್ರ, ಹಿಂದಿನ ಮನೆಯ ಯಜಮಾನನ ಪ್ರಶಸ್ತಿ ಪತ್ರ. ಬಾಡಿಗೆಯಲ್ಲೂ ಎರಡು ಜಾತಿ, ತಣ್ಣನೆ ಬಾಡಿಗೆ ಮತ್ತು ಬೆಚ್ಚನೆ ಬಾಡಿಗೆ. ಬರೀ ಗೋಡೆಗೆ ಕೊಡುವುದು ತಣ್ಣನೆಯದು. ಬಿಸಿ, ನೀರು, ಕಸ, ಮೆಟ್ಟಿಲು ಗುಡಿಸುವುದು ಎಲ್ಲ ಸೇರಿದರೆ ಬೆಚ್ಚನೆಯದು. ಆ ಲೆಕ್ಕ ಕೇಳುವಾಗ ನಮಗೆ ಆದದ್ದು ಮಾತ್ರ ಬರೀ ತಣ್ಣಗೆ. ಆದರೂ ಠೇವಣಿ ಮೂರು ತಿಂಗಳ ತಣ್ಣನೆ ಬಾಡಿಗೆಯನ್ನು ಮೀರುವಂತಿಲ್ಲ ಎಂದು ಅಲ್ಲಿ ಕಾನೂನೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ಬಿಟ್ಟುಬಂದು ಅಭ್ಯಾಸವಾದ ನಮಗೆ ಆ ಕಾನೂನು ಮಾಡಿದವರ ಪಾದ ಮುಟ್ಟಬೇಕೆನ್ನಿಸಿತು.

ಒಳಗೆ ಹೋದೆವು. ಎತ್ತರದ ಸೂರು, ಮರದ ನೆಲ, ದೊಡ್ಡ ಕಿಟಕಿ. "ಅಡುಗೆಮನೆ ಎಲ್ಲಿ?" ಎಂದು ನನ್ನಾಕೆ ಕೇಳಿದಳು. ಮನೆ ತೋರಿಸುವವನು ಒಂದು ಖಾಲಿ ಗೋಡೆಯತ್ತ ಕೈ ತೋರಿದ. ಅಲ್ಲಿ ಎರಡು ಪೈಪಿನ ತುದಿ ಇಣುಕುತ್ತಿದ್ದವು. ಹಳೆಯ ಬಾಡಿಗೆದಾರರು ಅಡುಗೆಮನೆಯನ್ನು ತೆಗೆದುಕೊಂಡು ಹೋದರಂತೆ! ಒಲೆಯನ್ನಷ್ಟೇ ಅಲ್ಲ, ಕಪಾಟು, ಕಟ್ಟೆ, ಪಾತ್ರೆ ತೊಳೆಯುವ ಸಿಂಕನ್ನೂ. ನಮ್ಮಲ್ಲಿ ಮನೆ ಬಿಡುವವರು ಒಂದು ಬಲ್ಬು ಬಿಚ್ಚಿಕೊಂಡು ಹೋದರೂ ಓನರ್ ಬೀದಿಗೆ ಬಂದು ನಿಂತು ವಂಶ ಜಾಲಾಡುತ್ತಾನೆ. ಅಲ್ಲಿ ಅದು ರೂಢಿ. ಪೈಪಿನ ತುದಿಗಳು ನನ್ನನ್ನೂ ನಾನು ಅವನ್ನೂ ನೋಡುತ್ತ ನಿಂತೆವು. ಅಡುಗೆಮನೆಯ ಸಾಲಿಗೆ ಎರಡು ಅಂಕ ಬಿತ್ತು, ಅದೂ ಪೈಪಿಗೊಂದರಂತೆ.

ಅಂದು ಸಂಜೆ ಚಿಕ್ಕಪ್ಪನ ಮಗನ ಮನೆಯಲ್ಲಿ ಟೀ ಕೊಟ್ಟರು. ಮೇಲೆ ತೆಳ್ಳನೆಯ ಒಂದು ಪದರ ತೇಲುತ್ತಿತ್ತು. ಕೆಟಲ್ ಒಳಗೆ ನೋಡಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಅಮ್ಮನ ಮಾತು ನೆನಪಾಗಿ ವಿಚಾರಿಸಿದೆ. ಬರ್ಲಿನ್ ಕುಡಿಯುವುದು ತನ್ನದೇ ನೆಲದಡಿಯ ನೀರು, ಊರ ಸುತ್ತಮುತ್ತಲಿನ ನೂರಾರು ಕೊಳವೆಬಾವಿಗಳಿಂದ ಎತ್ತಿದ್ದು. ಶುದ್ಧ, ಆದರೆ ಗಡಸು. ವಿಡಿಯೋದಲ್ಲಿ ಅಮ್ಮನಿಗೆ ಕೆಟಲ್ ತೋರಿಸಿದೆ. ಅವಳು ಕನ್ನಡಕ ಏರಿಸಿ, "ಬೋರ್‌ವೆಲ್ ನೀರೇನೋ? ಬೇಳೆ ಬೇಯುತ್ತಾ?" ಎಂದಳು. "ತೊಗರಿಬೇಳೆಗೆ ಆರು ಕೂಗು ಬೇಕು ದೊಡ್ಡಮ್ಮಾ. ಭಾನುವಾರ ಅಂತೂ ಇಡೋ ಹಾಗೇ ಇಲ್ಲ" ಎಂದು ತಮ್ಮನ ಹೆಂಡತಿ ಹಿಂದಿನಿಂದ ದನಿಗೂಡಿಸಿದಳು. ಅಲ್ಲಿ ಭಾನುವಾರ ಇಡೀ ದಿನ, ಉಳಿದ ದಿನ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೌನ ಕಾಲ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕುಕ್ಕರ್ ಕೂಗಬಾರದೆಂದು ಎಲ್ಲೂ ಬರೆದಿಲ್ಲ. ಆದರೆ ನಾಲ್ಕನೆಯ ಕೂಗಿಗೆ ಕೆಳಗಿನ ಮನೆಯ ತಾತ ಬಾಗಿಲು ತಟ್ಟಿ, ಬೆಂಕಿಯ ಎಚ್ಚರಿಕೆ ಗಂಟೆಯೇ ಎಂದು ವಿಚಾರಿಸಿ ಹೋಗಿದ್ದರಂತೆ.

ಪ್ರಾಗ್ ಮಾರ್ಗವಾಗಿ ಹಗಲಿಡೀ ರೈಲಿನಲ್ಲಿ ಕೂತು ವಿಯೆನ್ನಾ ತಲುಪಿದೆವು. ಬರ್ಲಿನ್ ಲಾಸ್ಟ್ ಬೆಂಚಿನ ಹುಡುಗನಾದರೆ ಇದು ಫಸ್ಟ್ ಬೆಂಚು. ಎಣ್ಣೆ ಹಾಕಿ ಬೈತಲೆ ತೆಗೆದ ಊರು. ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್‌ನವರು ಬದುಕಲು ಯೋಗ್ಯ ನಗರಗಳೆಂದು ವರ್ಷವರ್ಷ ಪಟ್ಟಿ ಮಾಡುತ್ತಾರಲ್ಲ, ಅದರಲ್ಲಿ 2018, 2019, 2022 ಮೂರು ಸಲವೂ ಇದಕ್ಕೇ ಪ್ರಥಮ ಸ್ಥಾನ. ಅಂಥ ಹುಡುಗನ ಮನೆಗೆ ಹೋದಾಗ ಕೂರಲೂ ಸಂಕೋಚವಾಗುತ್ತದೆ. ಸೋಫಾ ಮುದುರೀತು ಎಂದು ಭಯ.

ಮೊದಲ ಪೆಟ್ಟು ತರಕಾರಿ ಅಂಗಡಿಯಲ್ಲಿ ಬಿತ್ತು. ಬೆಂಗಳೂರಿನ ಸಂಜೆ ತರಗತಿಯಲ್ಲಿ ಆರು ತಿಂಗಳು ಬಾಯಿಪಾಠ ಮಾಡಿದ್ದ ಜರ್ಮನ್ ಅನ್ನು ಹೊರತೆಗೆದು 'ಕಾರ್ಟೋಫೆಲ್' ಕೊಡಿ ಎಂದೆ. ಅಂಗಡಿಯಾಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಎರ್ಡ್‌ಎಪ್ಫೆಲ್" ಎಂದು ತಿದ್ದಿದಳು. ಆಲೂಗಡ್ಡೆಗೆ ಅಲ್ಲಿಯ ಹೆಸರು ಅದು, ನೆಲದ ಸೇಬು. ಟೊಮೆಟೊ ಅಲ್ಲಿ 'ಪಾರಾಡೈಸರ್', ಬದನೆಕಾಯಿ 'ಮೆಲಾನ್ಸಾನಿ', ಹೂಕೋಸು 'ಕಾರ್ಫಿಯೋಲ್'. ಜನವರಿ ಕೂಡ ಜನವರಿಯಲ್ಲ, 'ಯೆನ್ನರ್'. ಆಸ್ಟ್ರಿಯಾ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ಇಂಥ ಇಪ್ಪತ್ತಮೂರು ತಿನಿಸಿನ ಪದಗಳಿಗೆ ಜರ್ಮನಿಯ ಪದಗಳಷ್ಟೇ ಮಾನ ಕೊಡಬೇಕೆಂದು ಒಪ್ಪಂದದಲ್ಲೇ ಬರೆಸಿಕೊಂಡಿತು. ನನಗೆ ಆ ದೇಶದ ಮೇಲೆ ಗೌರವ ಬಂತು. ಹುಬ್ಬಳ್ಳಿಯ ಸಂತೆಯಲ್ಲಿ "ಈರುಳ್ಳಿ ಕೊಡಿ" ಎಂದು ಕೇಳಿ, "ಉಳ್ಳಾಗಡ್ಡಿ ಅನ್ರೀ" ಎಂದು ತಿದ್ದಿಸಿಕೊಂಡವನು ನಾನು. ಮಂಗಳೂರಿಗೆ ಹೋದರೆ ಅದೇ ನೀರುಳ್ಳಿ. ನಾವು ಮೈಸೂರು, ಹುಬ್ಬಳ್ಳಿ, ಮಂಗಳೂರು ಒಂದು ರಾಜ್ಯವಾಗಿ ಎಷ್ಟೋ ಕಾಲವಾಯಿತು. ಈರುಳ್ಳಿಯ ಒಪ್ಪಂದ ಇನ್ನೂ ಆಗಿಲ್ಲ.

ಎರಡನೆಯ ಪೆಟ್ಟು ಕಾಫಿಯದು. ವಿಯೆನ್ನಾಕ್ಕೆ ಕಾಫಿ ಬಂದ ಬಗ್ಗೆ ಒಂದು ಐತಿಹ್ಯವಿದೆ. 1683ರಲ್ಲಿ ಊರನ್ನು ಮುತ್ತಿದ ತುರ್ಕರು ಸೋತು ಓಡುವಾಗ ಮೂಟೆಗಟ್ಟಲೆ ಬೀಜ ಬಿಟ್ಟುಹೋದರು, ಒಂಟೆಯ ಮೇವೆಂದು ಎಲ್ಲರೂ ಸುಮ್ಮನಿದ್ದಾಗ ಒಬ್ಬ ಬುದ್ಧಿವಂತ ಅದನ್ನು ಹುರಿದು ಅಂಗಡಿ ತೆರೆದ ಎಂದು. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ಬಾಬಾ ಬುಡನ್ ಏಳು ಬೀಜಗಳನ್ನು ಬಚ್ಚಿಟ್ಟುಕೊಂಡು ಬಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರೆಂಬುದು ನಮ್ಮ ಐತಿಹ್ಯ. ಅವರಿಗೆ ಮೂಟೆ, ನಮಗೆ ಏಳು. ಆದರೂ ಬಂಧುತ್ವ ಬಂಧುತ್ವವೇ ಎಂಬ ಧೈರ್ಯದ ಮೇಲೆ ಒಂದು ಹಳೆಯ ಕಾಫಿಹೌಸಿಗೆ ನುಗ್ಗಿದೆವು. ಅಮೃತಶಿಲೆಯ ಮೇಜು, ಮರದ ಹಿಡಿಗೆ ಸಿಕ್ಕಿಸಿದ ಪತ್ರಿಕೆಗಳು, ಕಪ್ಪು ಕೋಟಿನ ಮಾಣಿ. ಆ ಮಾಣಿಯನ್ನು 'ಹೆರ್ ಓಬರ್' ಎನ್ನಬೇಕಂತೆ, ಹಿರಿಯ ಯಜಮಾನರೇ ಎಂದ ಹಾಗೆ. ಹಿರಿಯ ಯಜಮಾನರು ಬಂದು ಮದುವೆಗೆ ಕರೆಯದಿದ್ದರೂ ಬಂದ ನೆಂಟರನ್ನು ನೋಡುವ ಹಾಗೆ ನೋಡಿದರು. "ಒಂದು ಮೆಲಾಂಜ್" ಎಂದೆ. ಹಾಲು ಬೆರೆತ ಕಾಫಿ ಅದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಬೆಂಗಳೂರಿನ ನಾಲಿಗೆ ಸುಮ್ಮನಿರಲಿಲ್ಲ. "ಬೈ ಟು" ಎಂಬುದನ್ನು ಹೇಗೋ ಜರ್ಮನ್‌ಗೆ ತಿರುಗಿಸಿ ಹೇಳಿಬಿಟ್ಟೆ. ಅನುವಾದದಲ್ಲಿ ಇಪ್ಪತ್ತು ವರ್ಷ ಕಳೆದರೂ ನಾನು ಅಷ್ಟು ದೊಡ್ಡ ಸೋಲು ಕಂಡಿಲ್ಲ. ಅವರು ಹೋಗಿ ಒಂದು ಕಪ್ ಕಾಫಿ, ಎರಡು ಗ್ಲಾಸು ನೀರು, ಎರಡು ಚಮಚ ತಂದಿಟ್ಟರು. ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಲಿಲ್ಲ.

ಆ ಒಂದು ಕಪ್ಪಿನ ಮೇಲೆ ನಾವು ಎರಡೂವರೆ ಗಂಟೆ ಕೂತೆವು. ಏಳಿ ಎನ್ನಲಿಲ್ಲ ಯಾರೂ. ನೀರು ಮುಗಿದಾಗ ತಾವಾಗಿಯೇ ಬಂದು ತುಂಬಿಸಿ ಹೋದರು. ದರ್ಶಿನಿಯಲ್ಲಿ ನಿಂತೇ ಕುಡಿದು, ಲೋಟ ಇಡುವ ಮೊದಲೇ ಬೆನ್ನಹಿಂದೆ ಇನ್ನೊಬ್ಬನ ಉಸಿರು ಕೇಳಿ ಬೆಳೆದ ಜೀವಕ್ಕೆ ಇದು ಸ್ವರ್ಗ. ಹೀಗೆ ಕೂರುವ ಕಲೆಯನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮೂರ ಅರಳಿಕಟ್ಟೆಯವರಿಗೆ ಮೊದಲೇ ತಿಳಿದಿದ್ದರೆ ನಾವೂ ಅರ್ಜಿ ಹಾಕಬಹುದಿತ್ತು.

ಸಂಬಳದ ಸಾಲು ನೋಡುವಾಗ ವಿಚಿತ್ರವೊಂದು ಬೆಳಕಿಗೆ ಬಂತು. ಆಸ್ಟ್ರಿಯಾದಲ್ಲಿ ವರ್ಷಕ್ಕೆ ಹದಿನಾಲ್ಕು ಸಂಬಳ. ಹನ್ನೆರಡು ತಿಂಗಳಿಗೆ ಹನ್ನೆರಡು, ಮೇಲೆ ಬೇಸಿಗೆ ರಜೆಗೊಂದು, ಕ್ರಿಸ್‌ಮಸ್‌ಗೊಂದು. ಒಟ್ಟು ಮೊತ್ತವನ್ನೇ ಹದಿನಾಲ್ಕು ಪಾಲು ಮಾಡಿರುತ್ತಾರೆ, ಆದರೆ ಕೊನೆಯ ಎರಡು ಪಾಲಿಗೆ ತೆರಿಗೆ ಬಹಳ ಕಡಿಮೆ. ಅಮ್ಮನಿಗೆ ವಿವರಿಸಿದರೆ, "ಅಲ್ಲಿ ಪ್ರತಿವರ್ಷ ಎರಡೆರಡು ಅಧಿಕ ಮಾಸ ಬರುತ್ತೇನೋ?" ಎಂದಳು. ನಾನು ಓದಿದ ಯಾವ ತೆರಿಗೆ ಕೈಪಿಡಿಯೂ ಅದನ್ನು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಮನೆ ಬೇಟೆ ಇಲ್ಲಿಯೂ ಇತ್ತು. ಈ ಊರು ಬಾಡಿಗೆದಾರರ ಪಾಲಿಗೆ ಹೆಸರುವಾಸಿ. ನಗರಸಭೆಯದೇ ಸುಮಾರು 2,20,000 ಮನೆಗಳಿವೆ. 1930ರಲ್ಲಿ ತೆರೆದ ಕಾರ್ಲ್ ಮಾರ್ಕ್ಸ್ ಹೋಫ್ ಎಂಬ ಒಂದೇ ವಸತಿ ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ. ಆದರೆ ಇವೆಲ್ಲ ಹೊಸದಾಗಿ ಬಂದವರಿಗೆ ಕೂಡಲೇ ಸಿಗುವಂಥವಲ್ಲ. ನಮಗೆ ಸಿಕ್ಕಿದ್ದು ಒಂದು ಹಳೆಯ ಕಟ್ಟಡದ ಎರಡನೆಯ ಮಹಡಿ. ಲಿಫ್ಟ್ ಇರಲಿಲ್ಲ. ಎರಡೇ ಮಹಡಿ ತಾನೇ ಎಂದು ಹೊರಟೆವು. ನೆಲದ ಮಹಡಿ ದಾಟಿದರೆ ಅದರ ಮೇಲಿನದು 'ಎತ್ತರದ ನೆಲದ ಮಹಡಿ', ಅದರ ಮೇಲಿನದು 'ಮೆಜ್ಜನೀನ್', ಅಲ್ಲಿಂದಾಚೆಗೆ ಒಂದನೆಯದು ಶುರು. ನಾಲ್ಕು ಮಹಡಿ ಹತ್ತಿ ಎರಡನೆಯದನ್ನು ತಲುಪುವಾಗ ನನ್ನಾಕೆ ಗೋಡೆ ಹಿಡಿದು ನಿಂತಳು. ಆದರೆ ಒಳಗೆ ಅಡುಗೆಮನೆ ಇತ್ತು! ಸಿಂಕೂ ಇತ್ತು. ನಾವು ಅದನ್ನು ಮುಟ್ಟಿ ಮುಟ್ಟಿ ನೋಡಿದೆವು.

ಕಿಟಕಿಯ ಕೆಳಗೆ 71ನೇ ನಂಬರಿನ ಟ್ರಾಮ್ ಹೋಗುತ್ತಿತ್ತು. ಒಳ್ಳೇದಾಯಿತು, ಟ್ರಾಮ್ ಬಾಗಿಲಲ್ಲೇ ಇದೆ ಎಂದೆ. ಗೆಳತಿ ನಕ್ಕಳು. ಆ ಟ್ರಾಮ್ ಹೋಗುವುದು ಊರ ದೊಡ್ಡ ಸ್ಮಶಾನದ ಕಡೆಗೆ. ವಿಯೆನ್ನಾದಲ್ಲಿ ಒಬ್ಬರು "71 ಹತ್ತಿದರು" ಎಂದರೆ ತೀರಿಕೊಂಡರು ಎಂದರ್ಥವಂತೆ. 1874ರಲ್ಲಿ ತೆರೆದ ಆ ಸ್ಮಶಾನದಲ್ಲಿ ಮಲಗಿರುವವರು ಮೂವತ್ತು ಲಕ್ಷ, ಊರಿನಲ್ಲಿ ಎದ್ದು ಓಡಾಡುವವರು ಇಪ್ಪತ್ತು ಲಕ್ಷ. ಬಹುಮತ ಅವರದೇ. ಬೀಥೋವನ್, ಶೂಬರ್ಟ್, ಬ್ರಾಮ್ಸ್ ಎಲ್ಲ ಅಲ್ಲೇ ಅಕ್ಕಪಕ್ಕ. ಬೀಥೋವನ್ ಮಹಾಶಯ ಈ ಊರಿನಲ್ಲಿದ್ದ ಮೂವತ್ತೈದು ವರ್ಷಗಳಲ್ಲಿ ಬದಲಿಸಿದ ಮನೆಗಳನ್ನು ಎಣಿಸಿದವರು ಅರವತ್ತರ ಆಸುಪಾಸಿಗೆ ಬಂದು ನಿಲ್ಲಿಸಿದ್ದಾರೆ. ಅಲ್ಲಿಗೆ ಹೋದ ಮೇಲಷ್ಟೇ ಆತ ಒಂದು ಕಡೆ ನೆಲೆನಿಂತದ್ದು. ಅಮ್ಮನಿಗೆ 71ರ ವಿಷಯ ಹೇಳಲಿಲ್ಲ.

ನೀರಿನ ವಿಷಯ ಹೇಳಿದೆ. ಗೆಳತಿಯ ಮನೆಯಲ್ಲಿ ನಲ್ಲಿ ತಿರುಗಿಸಿ ಗ್ಲಾಸು ಹಿಡಿದರೆ ಕ್ಷಣದಲ್ಲಿ ಗ್ಲಾಸಿನ ಹೊರಮೈ ಬೆವೆತಿತು. ಆಲ್ಪ್ಸ್ ಬೆಟ್ಟದ ಒರತೆಯ ನೀರು. 1873ರಲ್ಲಿ ಒಂದು ಕಾಲುವೆ ಕೊಳವೆ, 1910ರಲ್ಲಿ ಇನ್ನೊಂದು, ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ. ಪಂಪೇ ಇಲ್ಲ. ಬೆಟ್ಟ ಮೇಲಿದೆ, ಊರು ಕೆಳಗಿದೆ, ನೀರು ತನ್ನ ಪಾಡಿಗೆ ತಾನು ಇಳಿದುಬರುತ್ತದೆ. ಅಮ್ಮ ನಂಬಲಿಲ್ಲ. ನಮ್ಮ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಮೂರು ಹಂತಗಳಲ್ಲಿ ಪಂಪಿನಿಂದ ತಳ್ಳಿ ತಳ್ಳಿ ಬೆಂಗಳೂರಿಗೆ ಹತ್ತಿಸಬೇಕು. ಅದು ಏದುಸಿರು ಬಿಡುತ್ತ ಬನಶಂಕರಿಗೆ ಬರುವುದು ದಿನ ಬಿಟ್ಟು ದಿನ. ಆ ಹೊತ್ತಿಗೆ ಅಲಾರಂ ಇಟ್ಟು ಏಳುವವಳು ಅಮ್ಮ. "ತಾನಾಗೇ ಬರುತ್ತಾ? ಎಷ್ಟು ಹೊತ್ತಿಗೆ ಬರುತ್ತೆ?" ಎಂದಳು. "ಯಾವಾಗಲೂ ಬರುತ್ತಮ್ಮಾ." "ರಾತ್ರೀನೂ?" "ರಾತ್ರೀನೂ." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಬೇಳೆ ಇಟ್ಟು ನೋಡು" ಎಂದಳು. ಗೆಳತಿಯ ಕುಕ್ಕರಿನಲ್ಲಿ ಮೂರು ಕೂಗಿಗೆ ಬೇಳೆ ಬೆಣ್ಣೆಯಾಯಿತು. ಎದುರುಮನೆ ಅಜ್ಜಿ ಬಾಗಿಲು ತೆರೆದು, ಕುಕ್ಕರಿನ ಬಗ್ಗೆ ಒಂದು ಮಾತೂ ಆಡದೆ, ಚಪ್ಪಲಿ ಸ್ಟ್ಯಾಂಡಿನ ಬಗ್ಗೆ ದೂರಿ ಬಾಗಿಲು ಹಾಕಿಕೊಂಡರು.

ಬೆಂಗಳೂರಿಗೆ ಮರಳಿ ನನ್ನಾಕೆ ಹಾಳೆಯ ಮೊತ್ತ ಕೂಡಿಸಿದಳು. ಬರ್ಲಿನ್ 214. ವಿಯೆನ್ನಾ 214. ಮತ್ತೆ ಕೂಡಿಸಿದಳು. ಅಷ್ಟೇ ಬಂತು. ಎಂಟು ದಿನ, ಮೂವತ್ತೊಂದು ಸಾಲು, ವಿಮಾನದ ಖರ್ಚು ಎಲ್ಲ ಸೇರಿ ದೊಡ್ಡಪ್ಪನ ಮಾತಿಗೇ ಬಂದು ನಿಂತಿತ್ತು. ಆಗ ಅಮ್ಮ ಅಡುಗೆಮನೆಯಿಂದಲೇ, "ಅಲ್ಲಿ ನಮ್ಮ ಬೇಳೆ ಬೇಯಲ್ಲ ಅಂತ ಮೊದಲೇ ಗೊತ್ತಾಯ್ತಲ್ಲ, ಇನ್ನೇನು ಕೂಡಿ ಕಳೆಯೋದು?" ಎಂದಳು. ಹಾಳೆಗೆ ಮೂವತ್ತೆರಡನೆಯ ಸಾಲು ಸೇರಿತು. ನೀರು, ಬರ್ಲಿನ್‌ಗೆ ಆರು, ವಿಯೆನ್ನಾಕ್ಕೆ ಹತ್ತು. ಹೀಗೆ ನಾವು ಒಂದು ಸೇರು ತೊಗರಿಬೇಳೆಯ ನೆಪದಲ್ಲಿ ಆಸ್ಟ್ರಿಯಾದವರಾದೆವು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಯ್ಕೆ ಮಾಡಿದ ಮೇಲೆ ಹೋಲಿಕೆ ನಿಲ್ಲುತ್ತದೆ ಎಂದು ತಿಳಿದದ್ದು ನಮ್ಮ ತಪ್ಪು. ನಿಜವಾದ ಹೋಲಿಕೆ ಶುರುವಾಗುವುದೇ ಆಮೇಲೆ. ಆಯ್ಕೆ ಮಾಡಿದ ಊರು ದಿನದಿಂದ ದಿನಕ್ಕೆ ಸವೆಯುತ್ತದೆ. ಅದರಲ್ಲಿ ಶನಿವಾರ ಸಂಜೆ ಆರಕ್ಕೆ ಅಂಗಡಿ ಮುಚ್ಚುತ್ತದೆ, ಕರಿಬೇವು ಮರೆತವರು ಸೋಮವಾರದವರೆಗೆ ಕರಿಬೇವಿಲ್ಲದ ಸಾರು ಉಣ್ಣಬೇಕಾಗುತ್ತದೆ. ಬಿಟ್ಟ ಊರು ಮಾತ್ರ ದಿನದಿಂದ ದಿನಕ್ಕೆ ಚೆಲುವಾಗುತ್ತದೆ. ಅಲ್ಲಿ ಮಳೆ ಬರುವುದಿಲ್ಲ, ಟ್ರಾಮ್ ತಡವಾಗುವುದಿಲ್ಲ, ಮನೆ ತೋರಿಸುವವನೇ ಅಡುಗೆಮನೆ ಹೊತ್ತು ತರುತ್ತಾನೆ. "ಬರ್ಲಿನ್ ಆಗಿದ್ದರೆ ಶನಿವಾರ ರಾತ್ರಿ ಹತ್ತಕ್ಕೂ ಅಂಗಡಿ ತೆರೆದಿರೋದು" ಎನ್ನುತ್ತಾಳೆ ನನ್ನಾಕೆ. "ಬರ್ಲಿನ್ ಆಗಿದ್ದರೆ ಕಾರ್ಟೋಫೆಲ್ ಎಂದರೆ ಆಲೂಗಡ್ಡೆಯೇ ಕೊಡುತ್ತಿದ್ದರು" ಎನ್ನುತ್ತೇನೆ ನಾನು. ನಾವು ಬಂದಾಗ ವರ್ಷವಿಡೀ ಊರೆಲ್ಲ ಓಡಾಡುವ ಪಾಸು 365 ಯೂರೋ ಇತ್ತು, ದಿನಕ್ಕೆ ಒಂದೇ ಯೂರೋ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆವು. ದರ ಏರಿದಾಗ ನಾವು ಪಟ್ಟ ಸಂಕಟ ಇಲ್ಲೇ ಹುಟ್ಟಿದವರೂ ಪಡಲಿಲ್ಲ. ಜರ್ಮನಿಯಲ್ಲಿ ತಿಂಗಳಿಗೆ 49 ಯೂರೋ ಇದ್ದ ಪಾಸು ಅಷ್ಟರಲ್ಲಾಗಲೇ 58 ಆಗಿತ್ತು. ಅದು ಮಾತ್ರ ನಮಗೆ ನೆನಪಿಗೆ ಬರುವುದೇ ಇಲ್ಲ.

ಅಲ್ಲಿಂದ ನನಗೆ ನನ್ನ ಪಕ್ಕದ ಕಾಲಂನ ಮಹಾಶಯನ ಮೇಲೆ ಅಸೂಯೆ ಹೆಚ್ಚಾಗಿದೆ. ಅವನಿಗೆ ಇನ್ನೂ ಒಂದು ಕೂದಲೂ ಉದುರಿಲ್ಲ, ಗೊರಕೆಯಿಲ್ಲ, ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುವುದಿಲ್ಲ.

ಗೊಣಗಾಟಕ್ಕೆ ಬಂದರೆ ನಾವು ಸರಿಯಾದ ಊರಿಗೇ ಬಂದಿದ್ದೇವೆ. ವಿಯೆನ್ನಾದವರ ಸಿಡುಕಿಗೆ 'ಗ್ರಾಂಟ್' ಎಂದು ಹೆಸರು. ನಮ್ಮ ಸರ್ಕಾರದ ಗ್ರಾಂಟಿನ ಹಾಗಲ್ಲ, ಇದು ತಡವಾಗುವುದಿಲ್ಲ, ಎಲ್ಲರಿಗೂ ಸಮನಾಗಿ ಸಿಗುತ್ತದೆ. ಒಂದು ಬೆಳಗ್ಗೆ ಟ್ರಾಮ್ ಮೂರು ನಿಮಿಷ ತಡವಾಯಿತು. ಪಕ್ಕದಲ್ಲಿ ನಿಂತಿದ್ದ ವೃದ್ಧೆಗೆ ಕೇಳುವ ಹಾಗೆ ನನ್ನ ಹರಕು ಜರ್ಮನ್‌ನಲ್ಲಿ, "ಮೊದಲೆಲ್ಲ ಹೀಗಿರಲಿಲ್ಲ" ಎಂದೆ. ನಾನು ಬಂದು ಆಗಿದ್ದುದು ಎಂಟು ತಿಂಗಳು. ಆಕೆಯ ಮುಖ ಅರಳಿತು. ಟ್ರಾಮ್, ಮೇಯರ್, ಹವೆ, ಬ್ರೆಡ್ಡು, ಈಗಿನ ಹುಡುಗರು ಎಂದು ಐದು ನಿಲ್ದಾಣದವರೆಗೆ ನನ್ನೊಂದಿಗೆ ಗೊಣಗಿ, ಇಳಿಯುವಾಗ ಕೈ ಕುಲುಕಿದರು. ಪೌರತ್ವಕ್ಕೆ ಇಲ್ಲಿ ಹತ್ತು ವರ್ಷ ಕಾಯಬೇಕು. ನನಗೆ ಅದು ಅರ್ಧ ಅಂದೇ ಸಿಕ್ಕ ಹಾಗಾಯಿತು.

ಕಳೆದ ಬೇಸಿಗೆಯಲ್ಲಿ ಬರ್ಲಿನ್‌ಗೆ, ಚಿಕ್ಕಪ್ಪನ ಮಗನ ಮನೆಗೆ ಹೋಗಿದ್ದೆವು. ಊರು ಹಾಗೇ ಇತ್ತು, ತಲೆ ಬಾಚಿರಲಿಲ್ಲ. ಟೀ ಬಂತು, ಮೇಲೆ ತೆಳ್ಳನೆಯ ಪದರ. ನನ್ನಾಕೆ ಕಪ್ಪನ್ನು ಒಂದು ಸಲ ಅತ್ತಿತ್ತ ಆಡಿಸಿ, "ನಮ್ಮ ಕಡೆ ನೀರು ಹೀಗಿರಲ್ಲಪ್ಪ" ಎಂದಳು. ಅವಳ 'ನಮ್ಮ ಕಡೆ' ಯಾವುದೆಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. "ಯಾವ ಕಡೆ ಅತ್ತಿಗೆ, ಬನಶಂಕರೀಲಾ?" ಎಂದ. ಅವಳು ನನ್ನ ಮುಖ ನೋಡಿದಳು, ನಾನು ಕಿಟಕಿ ನೋಡಿದೆ.

ನಾಲ್ಕನೆಯ ದಿನ ರಾತ್ರಿ ಮರಳಿದೆವು. ನಾಲ್ಕು ಮಹಡಿ ಹತ್ತಿ ನಮ್ಮ ಎರಡನೆಯ ಮಹಡಿ ತಲುಪಿ, ಬಾಗಿಲು ತೆಗೆದು, ದೀಪ ಹಾಕುವ ಮೊದಲೇ ನಲ್ಲಿ ತಿರುಗಿಸಿ ಒಂದೊಂದು ಗ್ಲಾಸು ತಣ್ಣನೆ ನೀರು ಕುಡಿದೆವು. ಆಮೇಲೆ ಸೋಫಾದ ಮೇಲೆ ಕಾಲು ಚಾಚಿ ಕೂತು, ಬರ್ಲಿನ್ ಎಷ್ಟು ಚೆನ್ನಾಗಿದೆ ಎಂದು ಮಾತಾಡಲು ಶುರುಮಾಡಿದೆವು.